ಎಲ್1 ಮುರಿತ: ನಾನು ಹಾಕಿದ ಎಸ್32 ಆಡಿಟ್‌ನಲ್ಲಿ ಎಂ80 ಆಗಿ ತಿದ್ದಲ್ಪಟ್ಟಿದೆ

ಪ್ರಶ್ನೆ: ರೋಗಿಯ ಚಾರ್ಟ್ ಓದಿ ರೋಗಕ್ಕೆ ಕೋಡ್ ಹಾಕುವುದು ನನ್ನ ಕೆಲಸ; ಇದು ಅಮೆರಿಕದ ತುರ್ತು ಚಿಕಿತ್ಸಾ ವಿಭಾಗವೊಂದರ ಚಾರ್ಟ್. 74 ವರ್ಷದ ಮಹಿಳೆಯೊಬ್ಬರು ಮಂಚದಿಂದ ಇಳಿಯುವಾಗ ಜಾರಿ, ನೆಲಕ್ಕೆ ಕುಕ್ಕರಿಸಿದಂತೆ ಬಿದ್ದಿದ್ದಾರೆ. ವೈದ್ಯರು ಬರೆದಿರುವುದು "ಬಿದ್ದ ನಂತರ ಎಲ್1 ವೆಜ್ ಕಂಪ್ರೆಶನ್ ಮುರಿತ" (ಸೊಂಟಭಾಗದ ಮೊದಲ ಕಶೇರುಕ ಬೆಣೆಯಾಕಾರದಲ್ಲಿ ಕುಸಿದದ್ದು) ಎಂದಷ್ಟೇ ಆದ್ದರಿಂದ ನಾನು ಗಾಯದಿಂದಾದ ಮುರಿತದ ಕೋಡ್ ಎಸ್32.010ಎ ಹಾಕಿದೆ. ಹಳೆಯ ಕಾಯಿಲೆಗಳ ಪಟ್ಟಿಯಲ್ಲಿ ವಯೋಸಂಬಂಧಿ ಆಸ್ಟಿಯೊಪೊರೋಸಿಸ್ (ಮೂಳೆ ಟೊಳ್ಳಾಗುವ ಕಾಯಿಲೆ) ಇದೆ, ಅದಕ್ಕೆ ಕೊಡುವ ಅಲೆಂಡ್ರೊನೇಟ್ ಮಾತ್ರೆಯೂ ನಡೆಯುತ್ತಿದೆ. ಕೋಡ್‌ಗಳನ್ನು ಮರುಪರಿಶೀಲಿಸುವ ಆಡಿಟರ್ ನನ್ನ ಕೋಡನ್ನು ಎಂ80.08ಎಕ್ಸ್‌ಎ (ಆಸ್ಟಿಯೊಪೊರೋಸಿಸ್‌ನಿಂದಾದ ಕಶೇರುಕದ ಮುರಿತ) ಎಂದು ತಿದ್ದಿದ್ದಾರೆ. ವೈದ್ಯರೇ ಬರೆಯದ ಸಂಬಂಧವನ್ನು ನಾವು ಕಲ್ಪಿಸಬಹುದೇ?

ಉತ್ತರ: ಆಡಿಟರ್ ಹಾಕಿದ ಕೋಡ್‌ಗೆ ಆಧಾರವಿದೆ, ಆದರೆ ನಿಮ್ಮ ಅಳುಕೂ ಅಕಾರಣವಲ್ಲ. ಆಸ್ಟಿಯೊಪೊರೋಸಿಸ್ ಇದೆಯೆಂದು ಗೊತ್ತಿರುವ ರೋಗಿಗೆ, ಆರೋಗ್ಯವಂತ ಮೂಳೆಯನ್ನು ಸಾಮಾನ್ಯವಾಗಿ ಮುರಿಯದಂಥ ಸಣ್ಣ ಪೆಟ್ಟಿನಿಂದ ಮುರಿತವಾಗಿದ್ದರೆ, ಗಾಯದ ಕೋಡ್ ಬಿಟ್ಟು ಎಂ80 ವರ್ಗವನ್ನೇ ಬಳಸಬೇಕೆಂದು ಅಮೆರಿಕದ ರೋಗ ಕೋಡ್‌ಗಳ ಪಟ್ಟಿಯಾದ ಐಸಿಡಿ-10-ಸಿಎಂನ ಮಾರ್ಗಸೂಚಿ ಹೇಳುತ್ತದೆ. ಹಾಗಾಗಿ "ಬಿದ್ದರು" ಎಂಬ ಪದ ಕಂಡೊಡನೆ ಗಾಯಗಳ ಎಸ್ ಅಧ್ಯಾಯ ತೆರೆಯುವ ಅಭ್ಯಾಸವನ್ನು ನಾವೆಲ್ಲರೂ ಬಿಡಬೇಕಾಗಿದೆ. ನಾನೂ ಮೊದಲ ವರ್ಷ ಇದೇ ತಪ್ಪು ಮಾಡಿದ್ದೆ.

ತೊಡಕಿರುವುದು ಪೆಟ್ಟು ಸಣ್ಣದೋ ಅಲ್ಲವೋ ಎಂಬುದರಲ್ಲಿ. ಅದು ವೈದ್ಯಕೀಯ ತೀರ್ಮಾನ, ಕೋಡರ್‌ನದಲ್ಲ. ಚಾರ್ಟ್ ಈ ಬಗ್ಗೆ ಸುಮ್ಮನಿದ್ದರೆ ವೈದ್ಯರಿಗೆ ಕ್ವೆರಿ (ಸ್ಪಷ್ಟನೆ ಕೇಳುವ ಪ್ರಶ್ನೆ) ಕಳುಹಿಸುವುದೇ ಕ್ಷೇಮ, ಆದರೆ "ಇದು ಆಸ್ಟಿಯೊಪೊರೋಸಿಸ್‌ನಿಂದಾದ ಮುರಿತವೇ?" ಎಂದು ಕೇಳಿದರೆ ಉತ್ತರವನ್ನು ಬಾಯಿಗಿಟ್ಟಂತಾಗುತ್ತದೆ. ಬಿದ್ದ ರೀತಿ, ಹಳೆಯ ಕಾಯಿಲೆ, ನಡೆಯುತ್ತಿರುವ ಔಷಧ, ಸಿಟಿ ವರದಿಯ ಸಾಲು ಇವನ್ನು ಇದ್ದ ಹಾಗೆಯೇ ಬರೆದು, "ಎಲ್1 ಮುರಿತದ ಕಾರಣವನ್ನು ದಯವಿಟ್ಟು ಸ್ಪಷ್ಟಪಡಿಸಿ: ಆಘಾತದಿಂದ, ಆಸ್ಟಿಯೊಪೊರೋಸಿಸ್‌ನಿಂದ, ಗೆಡ್ಡೆಯಿಂದ, ಬೇರೆ ಕಾರಣದಿಂದ, ಅಥವಾ ನಿರ್ಧರಿಸಲಾಗದು" ಎಂದು ಆಯ್ಕೆಗಳನ್ನು ಕೊಡಿ. ಮುರಿತ ಹೊಸದೋ ಹಳೆಯದೋ ಎಂಬುದನ್ನೂ ಅದರಲ್ಲೇ ಕೇಳಿಬಿಡಿ. ವಾಸಿಯಾದ ಹಳೆಯ ಮುರಿತವಾದರೆ ಎಂ80 ನಿಲ್ಲುವುದಿಲ್ಲ, ಎಂ81.0 (ಈಗ ಮುರಿತವಿಲ್ಲದ ಆಸ್ಟಿಯೊಪೊರೋಸಿಸ್) ಜೊತೆಗೆ ಝಡ್87.310 (ಹಿಂದೆ ಆಗಿ ವಾಸಿಯಾದ ಆಸ್ಟಿಯೊಪೊರೋಸಿಸ್ ಮುರಿತ) ಬರುತ್ತದೆ.

ಪ್ರಶ್ನೆ: ವಂದನೆಗಳು, ಕ್ವೆರಿ ಕಳುಹಿಸುತ್ತೇನೆ. ರೋಗಿ ಮುಂದೆ ಕೈಫೋಪ್ಲಾಸ್ಟಿಗೆ (ಕುಸಿದ ಕಶೇರುಕಕ್ಕೆ ಸಿಮೆಂಟ್ ತುಂಬುವ ಶಸ್ತ್ರಕ್ರಿಯೆ) ದಾಖಲಾದರೆ, ಅದು ಎರಡನೆಯ ಭೇಟಿಯಾದ್ದರಿಂದ ಕೋಡ್‌ನ ಏಳನೆಯ ಅಕ್ಷರ ಎ ಬದಲು ಡಿ ಆಗುತ್ತದೆಯೇ?

ಉತ್ತರ: ಆಗುವುದಿಲ್ಲ. ಭೇಟಿಗಳ ಎಣಿಕೆಗೂ ಆ ಅಕ್ಷರಕ್ಕೂ ಸಂಬಂಧವಿಲ್ಲ. ಕೈಫೋಪ್ಲಾಸ್ಟಿ ಸಕ್ರಿಯ ಚಿಕಿತ್ಸೆಯಾದ್ದರಿಂದ ಎ ಉಳಿಯುತ್ತದೆ; ಅದು ಮುಗಿದು, ಮೂಳೆ ಸರಿಯಾಗಿ ಕೂಡುತ್ತಿದೆಯೇ ಎಂದು ನೋಡುವ ಭೇಟಿಗಳಿಗೆ ಡಿ. ಎಂ80.08 ಬೆನ್ನುಮೂಳೆಯ ಯಾವ ಹಂತವೆಂಬುದನ್ನು ಹೇಳುವುದಿಲ್ಲವೆಂಬುದನ್ನು ಗಮನಿಸಿ. ಶಸ್ತ್ರಕ್ರಿಯೆಗೆ ಸಿಪಿಟಿ (ಚಿಕಿತ್ಸಾ ಕ್ರಮಗಳ) ಕೋಡ್ ಹಾಕುವವರಿಗೆ ಎದೆಭಾಗವಾದರೆ 22513, ಸೊಂಟಭಾಗವಾದರೆ 22514 ಎಂದು ಆರಿಸಲು ಆ ಮಾಹಿತಿ ಬೇಕೇ ಬೇಕು, ಆದ್ದರಿಂದ "ಎಲ್1" ಎಂಬುದು ವೈದ್ಯರ ಟಿಪ್ಪಣಿಯಲ್ಲಿ ಉಳಿದಿರಬೇಕು.