ಟೆಕ್ಸಾಸ್‌ನಲ್ಲಿ ಜಿಂಕೆ ಬೇಟೆ: ಮೊದಲು ಲೈಸೆನ್ಸ್, ಆಮೇಲೆ ಕೋವಿ

ಪ್ರಶ್ನೆ: ನಮಸ್ತೆ ಸರ್. ನಾನು ಆಸ್ಟಿನ್‌ನಲ್ಲಿದ್ದೇನೆ, ಎಚ್-1ಬಿ ವೀಸಾ. ಊರು ತೀರ್ಥಹಳ್ಳಿ ಕಡೆ. ಆಫೀಸಿನ ಗೆಳೆಯ ನವೆಂಬರ್‌ನಲ್ಲಿ ಅವರ ರ‍್ಯಾಂಚ್‌ಗೆ ಶಿಕಾರಿಗೆ ಕರೆದಿದ್ದಾನೆ. "ಲೈಸೆನ್ಸ್ ಹೋಗುವಾಗ ದಾರಿಯಲ್ಲಿ ತಗೊಂಡ್ರಾಯ್ತು, ಈ ಶನಿವಾರ ರೇಂಜ್‌ಗೆ ಬಾ, ನನ್ನ ರೈಫಲ್‌ನಲ್ಲೇ ಅಭ್ಯಾಸ ಮಾಡು" ಅಂತಾನೆ. ಹೋಗಬಹುದಾ?

ಉತ್ತರ (ಬೇಟೆ ಸುರಕ್ಷತೆಯ ತರಬೇತುದಾರ): ಶನಿವಾರದ್ದು ಸದ್ಯಕ್ಕೆ ಬಿಡಿ. ಗೆಳೆಯ ಇಲ್ಲಿಯವನು, ನಿಮ್ಮ ತೊಡಕು ಅವನಿಗೆ ಗೊತ್ತಿರಲಿಕ್ಕಿಲ್ಲ. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಕೋವಿ, ಗುಂಡು ಇಟ್ಟುಕೊಳ್ಳುವಂತಿಲ್ಲ ಅನ್ನುತ್ತದೆ ಫೆಡರಲ್ ಕಾನೂನು. ಕೊಂಡುಕೊಳ್ಳೋದಷ್ಟೇ ಅಲ್ಲ, ಗೆಳೆಯನದ್ದನ್ನು ಕೈಯಲ್ಲಿ ಹಿಡಿದರೂ ಲೆಕ್ಕಕ್ಕೆ ಬರಬಹುದು. ಆದರೆ ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಟೆಕ್ಸಾಸ್ ಲೈಸೆನ್ಸ್ ಯಾವಾಗ ತಗೊಂಡರೂ ಆಗಸ್ಟ್ 31ಕ್ಕೆ ಮುಗಿಯುತ್ತದೆ, ನೆನಪಿರಲಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಾಪತ್ರಯ ಇಲ್ಲ. ನಿಮ್ಮ ಇಮಿಗ್ರೇಶನ್ ವಕೀಲರನ್ನೂ ಒಮ್ಮೆ ಕೇಳಿಬಿಡಿ.

1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಹಂಟರ್ ಎಜುಕೇಶನ್ ಕೋರ್ಸ್ ಬೇಕು. ದೊಡ್ಡವರು ಆನ್‌ಲೈನ್‌ನಲ್ಲೇ ಮುಗಿಸಬಹುದು. ಬಿಳಿಬಾಲದ ಜಿಂಕೆ ಬಿದ್ದ ಕೂಡಲೇ ಟ್ಯಾಗ್, ಅಂದರೆ ಲೈಸೆನ್ಸ್ ಜೊತೆ ಬರುವ ಗುರುತಿನ ಚೀಟಿ, ಹಾಕಬೇಕು. ಕಾಗದದ ಲೈಸೆನ್ಸ್ ಆದರೆ ಟ್ಯಾಗ್‌ನಲ್ಲಿ ತಿಂಗಳು, ತಾರೀಕು ಕತ್ತರಿಸಿ ಕಟ್ಟುತ್ತೇವೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತವಾಗಿ ಅರ್ಧ ಗಂಟೆಯವರೆಗೆ ಮಾತ್ರ ಹೊಡೆಯಬಹುದು. ಊರಿನ ಹೆಡ್‌ಲೈಟ್ ಶಿಕಾರಿ ಕಥೆಗಳನ್ನು ಇಲ್ಲಿ ಮರೆತುಬಿಡಿ.

ಇನ್ನು ನಾನು ತರಗತಿಯಲ್ಲಿ ಜಾಸ್ತಿ ಬೈಯುವ ವಿಷಯ. ಪೊದೆ ಅಲುಗಿದರೆ ಸಾಕು, ಹೊಸಬರು ರೈಫಲ್ ಎತ್ತಿ ಸ್ಕೋಪ್‌ನಲ್ಲಿ ನೋಡುತ್ತಾರೆ. ಅಲ್ಲಿರೋದು ಬೇಲಿ ಸರಿಮಾಡುತ್ತಿರುವ ಆಳಾಗಿದ್ದರೆ? ನೀವಾಗಲೇ ಅವನ ಎದೆಗೆ ಗುರಿ ಇಟ್ಟಾಯ್ತು. ನೋಡೋಕೆ ಬೈನಾಕ್ಯುಲರ್ ಇದೆ ಅಲ್ವಾ? ಗುಡ್ಡದ ನೆತ್ತಿಯ ಮೇಲೆ ನಿಂತ ಜಿಂಕೆಗೂ ಹೊಡೆಯಬೇಡಿ. ತಪ್ಪಿದ ಗುಂಡು ಮೈಲಿ ದಾಟಿ ಹೋಗುತ್ತದೆ, ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು. ಮರದ ಅಟ್ಟಣೆ ಹತ್ತುವಾಗ ಕೋವಿ ಹೆಗಲಲ್ಲಿ ಬೇಡ. ಗುಂಡು ತೆಗೆದು, ಹಗ್ಗಕ್ಕೆ ಕಟ್ಟಿ ಕೆಳಗೇ ಬಿಡಿ. ಹತ್ತಿ ಕೂತು, ಬೀಳದಂತೆ ತಡೆಯುವ ಹಾರ್ನೆಸ್ ಪಟ್ಟಿ ಬಿಗಿದುಕೊಂಡು, ಆಮೇಲೆ ಎಳೆದುಕೊಳ್ಳಿ. ಖಾಸಗಿ ರ‍್ಯಾಂಚ್‌ನಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ಕಡ್ಡಾಯವಲ್ಲ. ನಾನಂತೂ ಹಾಕದೆ ಇಳಿಯಲ್ಲ.

ಮತ್ತೊಬ್ಬರು: ಅಲ್ಲಿ ನಮ್ಮ ಸಾರಗವೂ (ಚುಕ್ಕೆ ಜಿಂಕೆ) ಇದೆಯಂತೆ, ನಿಜವಾ ಸರ್? ಕೊಂಬು ಊರಿಗೆ ತರಬಹುದಾ?

ಉತ್ತರ: ನಿಜ. 1930ರ ದಶಕದಲ್ಲಿ ತಂದು ಬಿಟ್ಟದ್ದು, ಈಗ ಮಧ್ಯ ಟೆಕ್ಸಾಸಿನ ಗುಡ್ಡಗಾಡು ಹಿಲ್ ಕಂಟ್ರಿ ತುಂಬ ಇವೆ. ಹೊರಗಿನ ಪ್ರಾಣಿ ಅಂತ ಸೀಸನ್ನೂ ಇಲ್ಲ, ಟ್ಯಾಗೂ ಇಲ್ಲ. ಲೈಸೆನ್ಸ್ ಮತ್ತು ಜಮೀನಿನವರ ಒಪ್ಪಿಗೆ ಮಾತ್ರ ಬೇಕೇ ಬೇಕು. ಕೊಂಬು ತರೋ ಯೋಚನೆ ಬಿಡಿ. 1972ರ ವನ್ಯಜೀವಿ ಕಾಯ್ದೆ ಇರುವಾಗ, ಬೆಂಗಳೂರು ಏರ್‌ಪೋರ್ಟಿನಲ್ಲಿ ನಿಂತು ಇದು ಟೆಕ್ಸಾಸಿನ ಸಾರಗ ಅಂತ ಯಾರಿಗೆ ನಂಬಿಸ್ತೀರಿ?

ಮೊದಲು ಕೇಳಿದವರು: ರೇಂಜ್ ಕ್ಯಾನ್ಸಲ್ ಮಾಡಿದೆ ಸರ್. ಗೆಳೆಯನಿಗೆ ಕಾರಣ ಹೇಳಿದರೆ ನಂಬಲೇ ಇಲ್ಲ, ಈಗ ಅವನೇ ಕೂತು ಕಾನೂನು ಓದುತ್ತಿದ್ದಾನೆ.