ಉ: ಚೆಸ್ಟ್‌ನಟ್‌ಗೆ ಕನ್ನಡ ಪದ ಬೇಕು (ಪೊಟ್ಟಣದ ಬರಹಕ್ಕೆ, ತುರ್ತು)

ಮಾನ್ಯರೇ,

ಪೊಟ್ಟಣ ನಾಳೆಯೇ ಅಚ್ಚಿಗೆ ಹೋಗಬೇಕು ಎಂದಿದ್ದೀರಿ. ಚೆಸ್ಟ್‌ನಟ್‌ಗೆ ‘ಸಿಂಗಾಡೆ’, ‘ಎದೆಗಾಯಿ’, ‘ಕಂದುಗಾಯಿ’ ಎಂಬ ಸಲಹೆಗಳೂ, ಆ ಹೆಸರು ಸಂಸ್ಕೃತದ ‘ಕಾಷ್ಠ’ದಿಂದ (ಕಟ್ಟಿಗೆ) ಬಂತೆಂಬ ವಾದವೂ ನಿಮ್ಮ ಮುಂದಿವೆ. ‘ಚೆಸ್ಟ್‌ನಟ್’ ಎಂದೇ ಹಾಕಿ. ‘ಸಿಂಗಾಡೆ’ ಎಂದು ಖಂಡಿತ ಹಾಕಬೇಡಿ. ಸಿಂಗಾಡೆ ಕೆರೆಯ ನೀರಿನಲ್ಲಿ ಬೆಳೆಯುವ ಕೊಂಬಿನ ಕಾಯಿ, ಸಂಸ್ಕೃತದ ಶೃಂಗಾಟಕ. ಇಂಗ್ಲಿಷಿನವರು ಅದನ್ನು ‘ವಾಟರ್ ಚೆಸ್ಟ್‌ನಟ್’ ಎಂದು ಕರೆದದ್ದೇ ಈ ಗೊಂದಲಕ್ಕೆಲ್ಲ ಮೂಲ. ನಿಮ್ಮ ಚೆಸ್ಟ್‌ನಟ್ ಓಕ್ ಕುಟುಂಬದ ದೊಡ್ಡ ಮರದ್ದು. ಮೈತುಂಬ ಮುಳ್ಳಿರುವ ಕವಚ ಬಿರಿದರೆ ಒಳಗೆ ಎರಡೋ ಮೂರೋ ಕಾಯಿ; ಹೊಳೆಯುವ ಕಂದು ಸಿಪ್ಪೆ, ಬುಡದಲ್ಲಿ ಮಾಸಲು ಮಚ್ಚೆ. ಹುರಿಯುವ ಮುನ್ನ ಸಿಪ್ಪೆಯನ್ನು ಚಾಕುವಿನಿಂದ ಗೀರಬೇಕು, ಇಲ್ಲದಿದ್ದರೆ ಸಿಡಿಯುತ್ತದೆ. ‘ಹಾರ್ಸ್ ಚೆಸ್ಟ್‌ನಟ್’ ಬೇರೆಯೇ ಮರ, ಅದರ ಕಾಯಿ ವಿಷ. ತಿನ್ನುವ ಪದಾರ್ಥದ ಹೆಸರಿನಲ್ಲಿ ಅಂದಾಜು ನಡೆಯುವುದಿಲ್ಲ.

‘ಎದೆಗಾಯಿ’ ಎಂಬ ಸಲಹೆ ಚರ್ಚೆಗೇ ಯೋಗ್ಯವಲ್ಲ. ಆ ‘ಚೆಸ್ಟ್’ ಎದೆಯೂ ಅಲ್ಲ, ಪೆಟ್ಟಿಗೆಯೂ ಅಲ್ಲ. ಗ್ರೀಕಿನಿಂದ ಲ್ಯಾಟಿನ್ನಿಗೆ ‘ಕಸ್ತಾನೆಯ’ ಆಗಿ ಬಂದು, ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿನಲ್ಲಿ ‘ಚೆಸ್ಟೆನ್’ ಆಯಿತು. ಅದಕ್ಕೆ ‘ನಟ್’ ಅಂಟಿಕೊಂಡು ನಡುವಿನ ಅಕ್ಷರ ಸವೆಯಿತು. ಸ್ಪೇನಿನ ನರ್ತಕಿಯರು ಕೈಯಲ್ಲಿ ತಟ್ಟುವ ಕ್ಯಾಸ್ಟನೆಟ್‌ಗೂ ಇದೇ ಕಾಯಿಯ ಹೆಸರು. ಗ್ರೀಕರಿಗೂ ಅದು ಎರವಲು ಮಾತೇ ಇರಬೇಕು. ಅರ್ಮೇನಿಯನ್ನಿನ ‘ಕಸ್ಕ್’ ಜೊತೆ ಅದನ್ನು ಹೋಲಿಸುವುದುಂಟು. ಇಷ್ಟರ ಮೇಲೂ ‘ಕಾಷ್ಠ’ದಿಂದ ಬಂತು ಎನ್ನುವವರು ಧ್ವನಿ ಬದಲಾದ ದಾರಿಯನ್ನು ಹಂತಹಂತವಾಗಿ ತೋರಿಸಲಿ. ‘ಕೇಳಲು ಒಂದೇ ತರಹ’ ಎಂಬುದು ಪುರಾವೆಯಲ್ಲ.

ಇನ್ನು ‘ಕಂದುಗಾಯಿ’. ಅಚ್ಚಗನ್ನಡದ ಮೇಲಿನ ಪ್ರೀತಿ ನನಗೂ ಇದೆ. ಆದರೆ ಅಂಗಡಿಯಲ್ಲಿ ‘ಕಂದುಗಾಯಿ’ ಎಂದು ಓದಿದವನಿಗೆ ಒಳಗೇನಿದೆ ಎಂದು ತಿಳಿಯುವುದು ಹೇಗೆ? ಅಕ್ರೋಟ್ ಎಂಬ ಮಾತು ಅಚ್ಚಗನ್ನಡದ್ದೇ? ಅನಾನಸ್ ದಕ್ಷಿಣ ಅಮೆರಿಕದ ಮೂಲನಿವಾಸಿಗಳ ಮಾತು, ಪೋರ್ಚುಗೀಸರ ಬಾಯಿಯಿಂದ ಇಲ್ಲಿಗೆ ಬಂತು. ಅದರಿಂದ ಕನ್ನಡ ಬಡವಾಗಲಿಲ್ಲ. ಹೊರಗಿನಿಂದ ಬಂದ ಮೆಣಸಿನಕಾಯಿಗೂ ಕನ್ನಡದ ಹೆಸರು ಸಿಕ್ಕಿತಲ್ಲ ಎಂದು ಉದಾಹರಣೆ ಕೊಟ್ಟಿದ್ದೀರಿ. ಅದು ನಮ್ಮ ಹೊಲದಲ್ಲಿ ಬೆಳೆದು, ಅಡುಗೆಯಲ್ಲಿ ಮೆಣಸಿನ ಜಾಗ ಹಿಡಿದದ್ದಕ್ಕೆ ಜನರೇ ಆ ಹೆಸರಿಟ್ಟರು. ಬೆಳೆಯದ, ಬಳಸದ ಕಾಯಿಗೆ ನಾವು ಕುಳಿತು ಹೆಸರು ಕಟ್ಟಿದರೆ ಅದು ಪದಕೋಶದಲ್ಲೇ ಉಳಿಯುತ್ತದೆ. ಎರವಲು ಬೇಡವೇ ಬೇಡ ಎನ್ನುವವರು ‘ಮರೂನ್’ ಸೀರೆಗೂ ಬೇರೆ ಹೆಸರು ಹುಡುಕಬೇಕಾದೀತು. ಫ್ರೆಂಚಿನ ಆ ‘ಮರೋನ್’ ಇದೇ ಚೆಸ್ಟ್‌ನಟ್.

ಪೊಟ್ಟಣದ ಮೇಲೆ ‘ಹುರಿದ ಚೆಸ್ಟ್‌ನಟ್’ ಎಂದು ದಪ್ಪಕ್ಷರದಲ್ಲಿ ಹಾಕಿ, ಕೆಳಗೆ ಸಣ್ಣದಾಗಿ ‘ಓಕ್ ಕುಟುಂಬದ ಮರದ ಕಾಯಿ, ಸಿಂಗಾಡೆ ಅಲ್ಲ’ ಎಂದು ಸೇರಿಸಿ.