ಸಹಾಯ ಬೇಕು: ನಮ್ಮ ಕಾಫಿ ಪುಡಿ ಪ್ಯಾಕೆಟ್ಟಿನ ಹಾಗೇ ಇನ್ನೊಂದು ಬಂದಿದೆ

ನಮಸ್ಕಾರ. ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಸಣ್ಣ ಕಾಫಿ ಪುಡಿ ಅಂಗಡಿ. 2016ರಿಂದ ಒಂದೇ ಪ್ಯಾಕೆಟ್. ಕಡು ಹಸಿರು, ಮೇಲೆ ಹಳದಿ ಪಟ್ಟಿ, ನಡುವೆ ಫಿಲ್ಟರ್ ಚಿತ್ರ. ಗಿರಿ ನೋಡಲು ಬಂದವರು ಹೆಸರು ಹೇಳುವುದೇ ಇಲ್ಲ, "ಆ ಹಸಿರು ಪ್ಯಾಕೆಟ್ ಕೊಡಿ" ಅನ್ನುತ್ತಾರೆ.

ಮೂರು ತಿಂಗಳಿಂದ ಇನ್ನೊಬ್ಬರು ಥೇಟ್ ಹಾಗೇ ಕಾಣುವ ಪ್ಯಾಕೆಟ್ ಮಾರುತ್ತಿದ್ದಾರೆ. ಹೆಸರು ಮಾತ್ರ ಬೇರೆ. ಮೊನ್ನೆ ನಮ್ಮ ಹಳೇ ಗಿರಾಕಿಯೊಬ್ಬರು ಅದನ್ನು ಒಯ್ದು, "ಏನ್ರೀ, ಚಿಕೋರಿ ಜಾಸ್ತಿ ಮಾಡಿದ್ರಾ?" ಅಂತ ನನ್ನನ್ನೇ ಕೇಳಿದರು! ಹೊಟ್ಟೆ ಉರಿಯಿತು.

ಅವರ ಹತ್ತಿರ ಹೋಗಿ ಮಾತಾಡಿದೆ. "ಹಸಿರು ಬಣ್ಣ ನಿಮಗೆ ಬರೆದುಕೊಟ್ಟಿದ್ದಾರಾ?" ಅಂದರು. ನಮ್ಮ ಹೆಸರು ಟ್ರೇಡ್‌ಮಾರ್ಕ್ ಆಗಿ 30ನೇ ಕ್ಲಾಸಿನಲ್ಲಿ (ಕಾಫಿ, ಟೀ ಮುಂತಾದ ಸರಕಿನ ವರ್ಗ) ನೋಂದಣಿ ಆಗಿದೆ, ಪ್ಯಾಕೆಟ್ಟಿನ ರೂಪ ಆಗಿಲ್ಲ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ತೆಗೆದು ಓದಿದೆ. ಟ್ರೇಡ್‌ಮಾರ್ಕ್ ಅಂದರೆ ಏನು ಎಂದು ಹೇಳುವಲ್ಲೇ ಪ್ಯಾಕೇಜಿಂಗ್, ಬಣ್ಣಗಳ ಜೋಡಣೆ ಎರಡೂ ಬರುತ್ತವೆ. ನೋಂದಣಿ ಇಲ್ಲದಿದ್ದರೂ ಪಾಸಿಂಗ್ ಆಫ್ (ತಮ್ಮ ಸರಕನ್ನು ಇನ್ನೊಬ್ಬರದೆಂದು ನಂಬಿಸಿ ಮಾರುವುದು) ಕೇಸು ಹಾಕುವ ಹಕ್ಕನ್ನು 27ನೇ ಸೆಕ್ಷನ್ ಉಳಿಸಿದೆ. ಇಲ್ಲಿವರೆಗೆ ಸರಿ.

ಸಿಕ್ಕಿಕೊಂಡಿದ್ದು 10ನೇ ಸೆಕ್ಷನ್ನಿನಲ್ಲಿ. ಬಣ್ಣದ ಮಿತಿ ಹಾಕದೆ ನೋಂದಾಯಿಸಿದರೆ ಎಲ್ಲ ಬಣ್ಣಕ್ಕೂ ನೋಂದಣಿ ಆದಂತೆ ಅಂತಿದೆ. ಆದರೆ ನಮ್ಮನ್ನು ಜನ ಗುರುತಿಸುವುದೇ ಆ ಹಸಿರು-ಹಳದಿಯಿಂದ ಅಲ್ವಾ? ಬಣ್ಣ ಬಿಟ್ಟರೆ ಉಳಿಯುವುದು ಫಿಲ್ಟರ್ ಚಿತ್ರ, ಅದು ಎಲ್ಲರ ಪ್ಯಾಕೆಟ್ಟಿನಲ್ಲೂ ಇದೆ.

ಹಾಗಾದರೆ ಪ್ಯಾಕೆಟ್ಟಿಗೆ ಟಿಎಂ-ಎ (ಟ್ರೇಡ್‌ಮಾರ್ಕ್ ನೋಂದಣಿಯ ಫಾರಂ) ಅರ್ಜಿ ಹಾಕುವಾಗ ಬಣ್ಣ ಸೇರಿಸಿ ಹಾಕಬೇಕಾ, ಕಪ್ಪು-ಬಿಳುಪಿನಲ್ಲಾ? ಅರ್ಜಿ ಮುಗಿಯುವ ತನಕ ಕಾಯದೆ ಹಳೇ ಬಿಲ್ಲುಗಳನ್ನು ಇಟ್ಟುಕೊಂಡು ಈಗಲೇ ಪಾಸಿಂಗ್ ಆಫ್ ನೋಟಿಸ್ ಕೊಡಬಹುದಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.